ಕರ್ರಗೆ ಬಳಿದ ಮಾತ್ರಕ್ಕೆ ತುಕ್ಕು ನಿಲ್ಲಲ್ಲ

ಪೇಂಟಿಂಗ್ ಕೆಲಸದವನಾಗಿ ಹೇಳ್ತೀನಿ, ಹಳೆ ಗಾಡಿಯ ಅಡಿಭಾಗ ಹೊಸದಾಗಿ, ಒಂದೇ ಸಮ ಕರ್ರಗೆ ಕಂಡರೆ ನನಗೆ ಮೊದಲು ಬರೋದು ಅನುಮಾನ. ಸ್ಕ್ರೂಡ್ರೈವರ್ ಹಿಡಿಯಿಂದ ಬಾಗಿಲ ಕೆಳಗಿನ ಪಟ್ಟಿಯುದ್ದಕ್ಕೂ ಮೆಲ್ಲಗೆ ತಟ್ಟಿಕೊಂಡು ಹೋಗ್ತೀನಿ. ಗಟ್ಟಿ ತಗಡಿದ್ದರೆ ಸದ್ದು ಟಣ್ ಅನ್ನುತ್ತೆ. ಎಲ್ಲಾದರೂ ಮಂಕಾಯಿತೋ, ಅಲ್ಲಿ ತುಕ್ಕು ತಡೆಯಲೆಂದು ಬಳಿದ ಕೋಟಿಂಗ್ ತಗಡನ್ನು ಬಿಟ್ಟಿರುತ್ತೆ. ಉಗುರು ಹಾಕಿ ಎಳೆದರೆ ಅಂಗೈಯಗಲದ ಚಕ್ಕೆ ಎದ್ದು ಬರುತ್ತೆ, ಅದರ ಒಳಬದಿಯೆಲ್ಲ ಕೆಂಪು ಪುಡಿ.

ಟಾರಿನಂಥ ಬಿಟುಮೆನ್ ಕೋಟಿಂಗ್‌ನ ಹಣೆಬರಹವೇ ಅದು. ಹಳತಾದಂತೆ ಬಿರುಸಾಗಿ ಬಿರುಕು ಬಿಡುತ್ತೆ. ಬಿರುಕಲ್ಲಿ ನೀರು ಹೊಕ್ಕರೆ ಆಮೇಲೆ ಸುಲಭಕ್ಕೆ ಒಣಗಲ್ಲ. ನೀರಲ್ಲಿ ಉಪ್ಪಿದ್ದರಂತೂ ಕೇಳೋದೇ ಬೇಡ. ತುಕ್ಕಿನ ಮೇಲೇ ಬಳಿದಿದ್ದರೆ ಬಿರುಕಿಗೂ ಕಾಯಬೇಕಿಲ್ಲ, ಹಿಡಿತವೇ ಇರಲ್ಲ. ಅದಕ್ಕಿಂತ ಬರೀ ತಗಡು ಬಿಟ್ಟಿದ್ದರೆ ವಾಸಿ, ಕಣ್ಣಿಗಾದರೂ ಕಾಣುತ್ತಿತ್ತು.

ಹಾಗಾಗಿ ನನ್ನ ಹೆಚ್ಚಿನ ಹೊತ್ತು ಹೋಗೋದು ಬಳಿಯೋಕೆ ಮುಂಚೆಯೇ. ತೊಳೆದು ಪೂರ್ತಿ ಒಣಗಿಸಿ, ವೈರ್ ಬ್ರಷ್‌ನಲ್ಲಿ ಬಿಳಿ ತಗಡು ಕಾಣೋ ತನಕ ಉಜ್ಜಿ, ತಗಡಿಗೆ ಗಟ್ಟಿಯಾಗಿ ಕಚ್ಚಿಕೊಳ್ಳೋ ಎಪಾಕ್ಸಿ ಪ್ರೈಮರ್ ಹೊಡೆದು, ಜೋಡಣೆಗಳಿಗೆ ಸಂದು ಮುಚ್ಚೋ ಸೀಲರ್ ಹಾಕಿದ ಮೇಲೇ ರಬ್ಬರ್ ಕೋಟಿಂಗ್. ಇದು ಮೆತ್ತಗಿರೋದರಿಂದ ಕಲ್ಲಿನ ಏಟನ್ನು ತಿಂದುಕೊಳ್ಳುತ್ತೆ. ಮೇಲೆ ಬಣ್ಣವನ್ನೂ ಹೊಡೆಯಬಹುದು. ಸೈಲೆನ್ಸರ್, ಬ್ರೇಕ್ ಡಿಸ್ಕ್, ರಬ್ಬರ್ ಬುಷ್‌ಗಳ ಮೇಲೆ ಮಾತ್ರ ಒಂದು ಹನಿಯೂ ಬೀಳಬಾರದು. ಪೊಳ್ಳು ಭಾಗಗಳ ಒಳಗೆ ಇದು ನಡೆಯಲ್ಲ, ಅಲ್ಲಿಗೆ ತೆಳ್ಳಗೆ ಹರಿದು ಸಂದಿಗೆ ಇಳಿಯೋ ವ್ಯಾಕ್ಸೇ ಬೇಕು. ನನ್ನನ್ನು ಕೇಳಿದರೆ ಹೊರಗಿನ ಕಪ್ಪಿಗಿಂತ ಗಾಡಿ ಉಳಿಸೋದು ಈ ಕಾಣದ ವ್ಯಾಕ್ಸೇ. ಆದರೆ ಕಾಣದ್ದಕ್ಕೆ ದುಡ್ಡು ಕೊಡೋರು ಕಮ್ಮಿ!

ಬಾನೆಟ್ ಮುಂದಿನ ಅಂಚಿನ ಕಥೆ ಬೇರೆ, ಅಲ್ಲಿ ಕಲ್ಲು ನೇರ ಪೇಂಟಿಗೇ ಬಡಿಯುತ್ತೆ. ಕಂಪನಿಯ ಪೇಂಟ್ ಅಂದರೆ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಹೆಚ್ಚೆಂದರೆ ಮಿಲಿಮೀಟರಿನ ಏಳನೇ ಒಂದು ಭಾಗ ಅಂದುಕೊಳ್ಳಿ. ವೇಗ ಎರಡರಷ್ಟಾದರೆ ಕಲ್ಲಿನ ಏಟು ನಾಲ್ಕರಷ್ಟು. ಸೆರಾಮಿಕ್ ಕೋಟಿಂಗ್ ಮಾಡಿಸಿದ್ದೀನಲ್ಲ ಅಂತಾರೆ ಜನ. ಅದು ಕೆಲವೇ ಮೈಕ್ರಾನ್, ಹೊಳಪಿಗೆ ಚೆನ್ನ, ಕಲ್ಲಿಗೆ ಲೆಕ್ಕಕ್ಕಿಲ್ಲ. ಕಲ್ಲೇಟು ತಡೆಯೋದು ಪೇಂಟ್ ಮೇಲೆ ಅಂಟಿಸೋ, ಪೇಂಟಿಗಿಂತ ದಪ್ಪದ ಪಾರದರ್ಶಕ ಪಾಲಿಯುರೆಥೇನ್ ಫಿಲ್ಮ್. ಅದಿಲ್ಲದಿದ್ದರೆ ಪೇಂಟ್ ಎದ್ದ ಚುಕ್ಕೆ ಕಂಡಾಗಲೇ ಒರೆಸಿ, ಒಣಗಿಸಿ, ಪ್ರೈಮರ್ ಮುಟ್ಟಿಸಿ ಟಚ್-ಅಪ್ ಮಾಡಿ.

ಕೋಟಿಂಗ್ ಮಾಡಿಸಿ ಗಾಡಿ ತಂದ ದಿನವೇ ಬಾಗಿಲುಗಳ ಕೆಳಗಿನ ಅಂಚಿಗೆ ಬಗ್ಗಿ ನೋಡಿ. ನೀರು ಸೋರಿಹೋಗಲೆಂದು ಸಣ್ಣ ತೂತುಗಳಿರುತ್ತವೆ. ಅವಸರದಲ್ಲಿ ಹೊಡೆದವರು ಮುಚ್ಚಿಬಿಟ್ಟಿದ್ದರೆ ಹಸಿಯಿರುವಾಗಲೇ ತೆಳು ಕಡ್ಡಿ ಆಡಿಸಿ ಬಿಡಿಸಿಬಿಡಿ.