ಸ್ಪಿಟ್ ಅಪ್‌ಗಾಗಿ ಒಂದು ಕರಡಿ

ಪೋಕೆಮಾನ್ ಎಂಬ ಜೀವಿಗಳನ್ನು ಕಾದಾಡಿಸುವ ವಿಡಿಯೋ ಗೇಮ್ ಅನ್ನು ಸ್ಪರ್ಧೆಯ ಮಟ್ಟದಲ್ಲಿ ಆಡುವವರಲ್ಲಿ ಸ್ಪಿಟ್ ಅಪ್ ಎಂಬ ಮೂವ್ (ಕಾದಾಟದ ಪಟ್ಟು) ಅನ್ನು ತಂಡಕ್ಕೆ ಸೇರಿಸುವವರು ಇಲ್ಲವೆಂದೇ ಹೇಳಬಹುದು. ಪೆಲಿಪ್ಪರ್ ಎಂಬ ಪೋಕೆಮಾನ್ ಅದನ್ನು ಕಲಿಯುತ್ತದೆಯಾದರೂ, ಮಳೆ ತರಿಸುವ ಡ್ರಿಜಲ್ ಎಂಬ ಗುಣಕ್ಕಾಗಿ ಪೆಲಿಪ್ಪರ್ ಅನ್ನು ಇಟ್ಟುಕೊಂಡವರು ಅದರ ಮೂವ್‌ಗಳ ಪಟ್ಟಿಯಲ್ಲಿ ಒಂದು ಸ್ಥಾನವನ್ನು ಸ್ಪಿಟ್ ಅಪ್‌ಗೆ ಕೊಡುವುದಿಲ್ಲ. ಈ ಮೂವ್‌ಗೆಂದೇ ಒಂದು ಹೊಸ ಪೋಕೆಮಾನ್ ಅನ್ನು ರೂಪಿಸಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು.

ಈ ಆಟಗಳ ಮೂರನೆಯ ಪೀಳಿಗೆಯಲ್ಲಿ ಸ್ಟಾಕ್‌ಪೈಲ್, ಸ್ಪಿಟ್ ಅಪ್, ಸ್ವಾಲೋ ಎಂಬ ಮೂರು ಮೂವ್‌ಗಳು ಒಟ್ಟಿಗೆ ಬಂದವು. ಸ್ಟಾಕ್‌ಪೈಲ್ ಬಳಸಿದಾಗಲೆಲ್ಲ ಒಂದು ಪಾಲು ಶಕ್ತಿ ಸಂಗ್ರಹವಾಗುತ್ತದೆ; ಮೂರಕ್ಕಿಂತ ಹೆಚ್ಚು ಕೂಡಿಡಲಾಗದು. ನಾಲ್ಕನೆಯ ಪೀಳಿಗೆಯಿಂದ ಈಚೆಗೆ ಪ್ರತಿ ಪಾಲಿನೊಂದಿಗೆ ಡಿಫೆನ್ಸ್ ಮತ್ತು ಸ್ಪೆಷಲ್ ಡಿಫೆನ್ಸ್ (ಎರಡು ಬಗೆಯ ಪೆಟ್ಟುಗಳನ್ನು ತಡೆಯುವ ಶಕ್ತಿಗಳು) ಒಂದೊಂದು ಹಂತ ಏರುತ್ತವೆ. ಸ್ಪಿಟ್ ಅಪ್ ಆ ಸಂಗ್ರಹವನ್ನೆಲ್ಲ ಹೊರಗೆ ಉಗುಳುತ್ತದೆ, ಪಾಲಿಗೆ 100ರಂತೆ 300ರವರೆಗೆ ಅದರ ಪವರ್ ಬೆಳೆಯುತ್ತದೆ. ಸ್ವಾಲೋ ಅದೇ ಸಂಗ್ರಹವನ್ನು ನುಂಗಿ ಎಚ್‌ಪಿಯ (ಪೋಕೆಮಾನ್‌ನ ಜೀವಬಲದ) ಕಾಲು, ಅರ್ಧ ಅಥವಾ ಪೂರ್ತಿ ಭಾಗವನ್ನು ಮರಳಿಸುತ್ತದೆ. ಉಗುಳಿದರೂ ನುಂಗಿದರೂ ಏರಿದ್ದ ರಕ್ಷಣೆ ಇಳಿದುಹೋಗುತ್ತದೆ.

ಲೆಕ್ಕ ಹಾಕಿದರೆ ಜನ ಇದನ್ನು ಏಕೆ ದೂರವಿಟ್ಟರೆಂಬುದು ತಿಳಿಯುತ್ತದೆ. ಮೂರು ಟರ್ನ್ (ಸರದಿ) ಕೂಡಿಟ್ಟು ನಾಲ್ಕನೆಯದರಲ್ಲಿ ಉಗುಳಿದರೆ ಸಿಗುವುದು 300 ಪವರ್. ಅದೇ ನಾಲ್ಕು ಟರ್ನ್‌ಗಳಲ್ಲಿ 90 ಪವರ್‌ನ ಹೈಪರ್ ವಾಯ್ಸ್ ಎಂಬ ಮೂವ್ ಯಾವ ತಯಾರಿಯೂ ಇಲ್ಲದೆ 360 ಕೊಡುತ್ತದೆ. ಹಾಗಿದ್ದರೆ ಸ್ಪಿಟ್ ಅಪ್‌ನ ಬೆಲೆ ಒಟ್ಟು ಪೆಟ್ಟಿನಲ್ಲಿಲ್ಲ. ಎದುರಾಳಿಗೆ ನಡುವೆ ಚೇತರಿಸಿಕೊಳ್ಳಲು ಬಿಡದೆ ಎಲ್ಲವನ್ನೂ ಒಂದೇ ಬಾರಿಗೆ ಸುರಿಯುವುದರಲ್ಲಿ ಮತ್ತು ಆ ಗಳಿಗೆಯನ್ನು ಆಟಗಾರ ತಾನೇ ಆರಿಸಿಕೊಳ್ಳುವುದರಲ್ಲಿ ಅದರ ಬೆಲೆ ಇದೆ.

ಇಂಥ ಪ್ರಯತ್ನ ಹೊಸದೇನಲ್ಲ. ಪೋಕೆಮಾನ್ ಸ್ಪರ್ಧಿಗಳ ಸ್ಮೋಗನ್ ಎಂಬ ಆನ್‌ಲೈನ್ ಬಳಗದ ಕ್ರಿಯೇಟ್-ಎ-ಪೋಕೆಮಾನ್ ಯೋಜನೆಯಲ್ಲಿ ಹುಟ್ಟಿದ ನೆಕ್ಟರ್ನಾ ಎಂಬ ಗ್ರಾಸ್-ಘೋಸ್ಟ್ ಟೈಪ್‌ನ (ವರ್ಗದ) ಪೋಕೆಮಾನ್ ಸ್ಕೆಚ್ ಎಂಬ ಒಂದೇ ಮೂವ್‌ನ ಸುತ್ತ ರೂಪುಗೊಂಡಿತು. ಅಲ್ಲಿಯದೇ ಆದ ಕಾಮೊಡೋರ್ ಬೆಲ್ಲಿ ಡ್ರಮ್ ಎಂಬ ಮೂವ್‌ಗಾಗಿ ಬಂದಿತು. ಇವೆರಡನ್ನೂ ಕೂಲಂಕಷವಾಗಿ ನೋಡಿದ ಮೇಲೆ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಯಿತು: ಬಳಕೆಯಲ್ಲಿಲ್ಲದ ಮೂವ್‌ಗೆ ಜೀವ ಬರಬೇಕಾದರೆ ಆ ಪೋಕೆಮಾನ್‌ಗೆ ಏನನ್ನು ಕೊಡುತ್ತೇವೆ ಎನ್ನುವುದಕ್ಕಿಂತ ಏನನ್ನು ಕೊಡಲು ಒಪ್ಪುವುದಿಲ್ಲ ಎನ್ನುವುದೇ ಮುಖ್ಯ.

ರೂಪದ ವಿಷಯದಲ್ಲಿ ನಾನು ಹೆಚ್ಚು ತಡಕಾಡಲಿಲ್ಲ. ಬಳ್ಳಾರಿಯಲ್ಲಿ ಬೆಳೆದ ನಮಗೆ ದರೋಜಿಯ ಕರಡಿಗಳು ಗೊತ್ತು. 1994ರಲ್ಲಿ ಆರಂಭವಾದ ಆ ಕರಡಿಧಾಮದಲ್ಲಿ ಬೆಲ್ಲ ಸವರಿದ ಬಂಡೆಗಳನ್ನು ನೆಕ್ಕಲು ಅವು ಗುಡ್ಡದಿಂದ ಇಳಿದು ಬರುವುದನ್ನು ಮಧ್ಯಾಹ್ನದ ಮೇಲೆ ದೂರದಿಂದ ನೋಡಬಹುದು. ಈ ಜಾತಿಯ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿರುವುದಿಲ್ಲ. ಅದು ಹುತ್ತವನ್ನು ಉಗುರಿನಿಂದ ಬಗೆದು, ಮೊದಲು ಜೋರಾಗಿ ಊದಿ ಮಣ್ಣನ್ನು ಹಾರಿಸಿ, ಆಮೇಲೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು ಹಲ್ಲಿನ ಆ ಸಂದಿನಿಂದ ಗೆದ್ದಲುಗಳನ್ನು ಒಳಗೆಳೆದುಕೊಳ್ಳುತ್ತದೆ. ಆ ಸದ್ದು ನೂರು ಮೀಟರ್‌ಗೂ ಆಚೆ ಕೇಳಿಸುತ್ತದೆ. ಊದುವುದು ಮತ್ತು ಹೀರುವುದು ಎರಡೂ ಒಂದೇ ಬಾಯಿಯ ಕೆಲಸವಾಗಿರುವ ಈ ಪ್ರಾಣಿಗಿಂತ ಸ್ಪಿಟ್ ಅಪ್ ಮತ್ತು ಸ್ವಾಲೋಗಳಿಗೆ ಹೆಚ್ಚು ಒಪ್ಪುವುದು ನನಗೆ ತೋಚಲಿಲ್ಲ. ಹೆಸರು ಊದುಗರಡಿ.

ಸ್ಪಿಟ್ ಅಪ್ ನಾರ್ಮಲ್ ಟೈಪ್‌ನದು; ಮೂವ್ ಮತ್ತು ಪೋಕೆಮಾನ್ ಒಂದೇ ಟೈಪ್ ಆದರೆ ಪೆಟ್ಟು ಒಂದೂವರೆ ಪಟ್ಟಾಗುತ್ತದೆ, ಆದ್ದರಿಂದ ಕರಡಿಗೂ ಅದೇ ಟೈಪ್ ಬೇಕು. ಮಣ್ಣು ಬಗೆಯುವ ಪ್ರಾಣಿಗೆ ಎರಡನೆಯ ಟೈಪ್ ಆಗಿ ಗ್ರೌಂಡ್ ಸಹಜವೆನಿಸುತ್ತದೆ. ಆದರೆ ಬ್ಲಡ್‌ಮೂನ್ ಅರ್ಸಲೂನಾ ಎಂಬ ಗ್ರೌಂಡ್-ನಾರ್ಮಲ್ ಕರಡಿ ಈಗಾಗಲೇ 140 ಪವರ್‌ನ ಬ್ಲಡ್ ಮೂನ್ ಎಂಬ ಮೂವ್ ಹಿಡಿದು ನಿಂತಿದೆ, ಅದರ ನೆರಳಿನಲ್ಲಿ ಇನ್ನೊಂದನ್ನು ನಿಲ್ಲಿಸುವುದರಲ್ಲಿ ಅರ್ಥವಿಲ್ಲ. ಹಾಗಾಗಿ ಡಾರ್ಕ್ ಆರಿಸಿದೆ. ನಾರ್ಮಲ್ ಪೆಟ್ಟು ತಾಗದ ಘೋಸ್ಟ್‌ಗಳನ್ನು ಡಾರ್ಕ್ ಪಲ್ಸ್ ಎಂಬ ಮೂವ್ ನೋಡಿಕೊಳ್ಳುತ್ತದೆ. ಬದಲಿಗೆ ಫೈಟಿಂಗ್ ಪೆಟ್ಟು ನಾಲ್ಕು ಪಟ್ಟು ಬೀಳುತ್ತದೆ, ಅದು ಬೀಳಲಿ.

ಇನ್ನು ನಿರಾಕರಣೆಗಳು. ಬಳ್ಳಾರಿಯ ನಮ್ಮ ಗೆಳೆಯರ ಗುಂಪು ಪೋಕೆಮಾನ್ ಶೋಡೌನ್ ಎಂಬ ಕಾದಾಟದ ಸಿಮ್ಯುಲೇಟರ್‌ನ ಮುಕ್ತ ಕೋಡ್ ಅನ್ನು ಲ್ಯಾಪ್‌ಟಾಪ್‌ನಲ್ಲಿ ನಡೆಸಿ ಇಂಥ ಪ್ರಯೋಗಗಳನ್ನು ಮಾಡುತ್ತದೆ. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು, "ಅಣ್ಣಾ, ಕರಡಿಗೆ ಸ್ಲ್ಯಾಕ್ ಆಫ್ ಇಲ್ಲಾಂದ್ರ ಯಾರು ತಗೋತಾರ?" ಎಂದು ಕೇಳಿದ. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಒಂದೇ ಟರ್ನ್‌ನಲ್ಲಿ ಅರ್ಧ ಎಚ್‌ಪಿ ಮರಳಿಸುವ ಸ್ಲ್ಯಾಕ್ ಆಫ್ ಇದ್ದರೆ ಸಂಗ್ರಹವನ್ನು ನುಂಗುವ ಪ್ರಮೇಯವೇ ಬರುವುದಿಲ್ಲ. ಆಟಗಾರ ಮೂರು ಸ್ಟಾಕ್‌ಪೈಲ್ ಮುಗಿಸಿ ಗೋಡೆಯಂತೆ ಕೂತುಬಿಡುತ್ತಾನೆ. ಸ್ಪೆಷಲ್ ಅಟ್ಯಾಕ್ ಮತ್ತು ಸ್ಪೆಷಲ್ ಡಿಫೆನ್ಸ್ ಏರಿಸುವ ಕಾಮ್ ಮೈಂಡ್ ಕೊಟ್ಟರೆ ಸ್ಟಾಕ್‌ಪೈಲ್ ಅನ್ನೇ ಮರೆಯುತ್ತಾರೆ, ಹೈಪರ್ ವಾಯ್ಸ್ ಕೊಟ್ಟರೆ ಸ್ಪಿಟ್ ಅಪ್ ಅನ್ನು. ಅಬಿಲಿಟಿಗಳಲ್ಲಿ (ಹುಟ್ಟುಗುಣಗಳಲ್ಲಿ) ಏರಿಕೆಯನ್ನು ದುಪ್ಪಟ್ಟು ಮಾಡುವ ಸಿಂಪಲ್ ಬಹಳ ಆಕರ್ಷಕ, ಆದರೆ ಅದು ಇದ್ದಾಗ ಸಂಗ್ರಹವನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಾಗದು. ನಾನು ಕೊಟ್ಟದ್ದು ಸಕ್ಷನ್ ಕಪ್ಸ್ ಮಾತ್ರ: ರೋರ್, ವರ್ಲ್‌ವಿಂಡ್‌ಗಳಿಂದ ಕರಡಿಯನ್ನು ಕಣದಿಂದ ಹೊರಗೆ ತಳ್ಳಲಾಗದು. ನೇರ ಪೆಟ್ಟು ಕೊಡದ ಮೂವ್‌ಗಳನ್ನು ತಡೆಯುವ ಟಾಂಟ್‌ಗೆ ಅದು ಸಿಕ್ಕಿಬೀಳುತ್ತದೆ, ಸಿಕ್ಕಿಬೀಳಬೇಕು ಕೂಡ. ಏಕೆಂದರೆ ಆಗ ಕೂಡಿಡಲೂ ನುಂಗಲೂ ಆಗದೆ ಉಗುಳುವ ದಾರಿಯೊಂದೇ ಉಳಿಯುತ್ತದೆ, ಎಷ್ಟು ಕೂಡಿಟ್ಟಿತ್ತೆನ್ನುವುದು ಎದುರಾಳಿಗೂ ಗೊತ್ತಿರುತ್ತದೆ.

ನಾನು ಅತಿ ಹೆಚ್ಚು ಯೋಚಿಸಿದ್ದು ಉಗುಳಿದ ಪೆಟ್ಟಿನ ಬಲವನ್ನು ನಿರ್ಧರಿಸುವ ಸ್ಪೆಷಲ್ ಅಟ್ಯಾಕ್‌ನ ಅಂಕಿಯ ಬಗ್ಗೆ. ಮೂರು ಪಾಲಿಗೂ ಎರಡು ಪಾಲಿಗೂ ಕಣ್ಣಿಗೆ ಕಾಣುವಂಥ ವ್ಯತ್ಯಾಸ ಇರಬೇಕಿತ್ತು, ಅದಕ್ಕೆ ಅಳತೆಗೋಲಾಗಿ ಡಾಂಡೋಜೋ ಎಂಬ ಗಟ್ಟಿ ಪೋಕೆಮಾನ್ ಅನ್ನು ಇಟ್ಟುಕೊಂಡೆ. ಬೇಸ್ (ಮೂಲ ಅಂಕಿ) 85 ಇಟ್ಟು, 252 ಇವಿ (ತರಬೇತಿಯಿಂದ ಸಿಗುವ ಅಂಕಗಳು) ಹಾಕಿ, ನೇಚರ್ (ಸ್ವಭಾವ) ಮತ್ತು ಐಟಂಗಳ ಸಹಾಯವಿಲ್ಲದೆ ಲೆಕ್ಕ ಹಾಕಿದರೆ, ಎಚ್‌ಪಿಗೆ ಮಾತ್ರ 252 ಇವಿ ಹಾಕಿದ ಡಾಂಡೋಜೋಗೆ ಎರಡು ಪಾಲಿನ ಸ್ಪಿಟ್ ಅಪ್ ಶೇ. 69ರಿಂದ 81ರಷ್ಟು ಪೆಟ್ಟು ಕೊಡುತ್ತದೆ. ಮೂರು ಪಾಲಾದರೆ ಅತಿ ಕಡಿಮೆ ಪೆಟ್ಟು ಬಿದ್ದರೂ ಅದು ಉರುಳುತ್ತದೆ. ಅದೇ 300 ಪವರ್ ಅನ್ನು ಎಚ್‌ಪಿಗೆ 252 ಇವಿ ಹಾಕಿದ ಬ್ಲಿಸ್ಸಿ ಎಂಬ ಪೋಕೆಮಾನ್ ಅರ್ಧಕ್ಕಿಂತ ಕಡಿಮೆ ನಷ್ಟದಲ್ಲಿ ತಡೆದುಕೊಳ್ಳುತ್ತದೆ. ಬ್ಲಿಸ್ಸಿಯನ್ನೂ ಕೆಡವುವ ಕರಡಿ ನನಗೆ ಬೇಡ. ಎದುರಾಳಿ ಯಾವಾಗ ಬ್ಲಿಸ್ಸಿಯನ್ನು ಕಣಕ್ಕೆ ತರುತ್ತಾನೆ ಎಂದು ಊಹಿಸುವುದರಲ್ಲೇ ಉಗುಳುವ ಗಳಿಗೆಯ ಸ್ವಾರಸ್ಯ ಇದೆ. ಉಳಿದ ಅಂಕಿಗಳು ಸುಲಭವಾಗಿ ಕೂಡಿಬಂದವು: ಎಚ್‌ಪಿ 105, ಡಿಫೆನ್ಸ್ 80, ಸ್ಪೆಷಲ್ ಡಿಫೆನ್ಸ್ 75, ಅಟ್ಯಾಕ್ 60, ಸ್ಪೀಡ್ 35. ನಿಜವಾದ ಕರಡಿ ಮನುಷ್ಯನಿಗಿಂತ ವೇಗವಾಗಿ ಓಡುತ್ತದೆ, ನಿಜ. ಆದರೆ ಪೆಟ್ಟು ತಿಂದ ನಂತರ ನುಂಗಿದರೆ ಮುಂದಿನ ಟರ್ನ್‌ಗೆ ಎಚ್‌ಪಿ ತುಂಬಿರುತ್ತದೆ, ನಿಧಾನದಿಂದ ಆಗುವ ಲಾಭ ಅದು.

ಪಂದ್ಯದ ನಡುವೆ ಪೋಕೆಮಾನ್‌ನ ಟೈಪ್ ಬದಲಿಸಬಲ್ಲ ಟೆರಾ ಮಾತ್ರ ಈ ಲೆಕ್ಕವನ್ನು ಅಲುಗಿಸುತ್ತದೆ. ಕರಡಿ ಟೆರಾ ನಾರ್ಮಲ್ ಆದರೆ ಒಂದೂವರೆ ಪಟ್ಟಿನ ಬದಲು ಎರಡು ಪಟ್ಟು ಬಲ ಸಿಕ್ಕಿ, ಎರಡೇ ಪಾಲಿನಲ್ಲಿ ಡಾಂಡೋಜೋ ಬೀಳುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚಾಗುತ್ತದೆ. ಸ್ಪೆಷಲ್ ಅಟ್ಯಾಕ್ ಅನ್ನು 75ಕ್ಕೆ ಇಳಿಸಿ ನೋಡಿದರೆ ಆ ಸಾಧ್ಯತೆ ಹದಿನಾರರಲ್ಲಿ ಒಂದಕ್ಕೆ ಇಳಿಯುತ್ತದೆ ನಿಜ, ಆದರೆ ಟೆರಾ ಇಲ್ಲದಾಗ ಮೂರು ಪಾಲು ಕೂಡಿಟ್ಟರೂ ನಾಲ್ಕರಲ್ಲಿ ಒಂದು ಬಾರಿ ಡಾಂಡೋಜೋ ಉಳಿದುಕೊಳ್ಳುತ್ತದೆ. ಟೆರಾ ಒಂದು ಪಂದ್ಯಕ್ಕೆ ಒಂದೇ ಸಲ ಸಿಗುವಂಥದ್ದು, ಅದನ್ನು ಕರಡಿಗೇ ವ್ಯಯಿಸಿದ ಆಟಗಾರ ತಂಡದ ಉಳಿದ ಐವರಿಂದ ಅದನ್ನು ಕಿತ್ತುಕೊಂಡಂತೆಯೇ ಸರಿ. ಆದ್ದರಿಂದ 85 ಅನ್ನೇ ಉಳಿಸಿಕೊಂಡಿದ್ದೇನೆ. ಫೈಟಿಂಗ್ ಪೆಟ್ಟಿನಿಂದ ಪೂರ್ತಿ ಪಾರಾಗಲು ಟೆರಾ ಘೋಸ್ಟ್ ಆದ ಊದುಗರಡಿಯನ್ನು ಹೇಗೆ ತಡೆಯಬಹುದೆಂಬುದನ್ನು ಇನ್ನು ಆಡಿ ನೋಡಬೇಕು.