ಯುದ್ಧ ಯಾವ ಪುಟದಲ್ಲಿ ಶುರುವಾಗುತ್ತದೆ ಎಂದು ಕೇಳುವವರಿಗೆ

“ಮೇಡಂ, ಪುಸ್ತಕ ಅರ್ಧ ಮುಗಿಯಿತು. ಯುದ್ಧ ಯಾವ ಪುಟದಲ್ಲಿ ಶುರುವಾಗುತ್ತದೆ?”

ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಬಂಗಾರಪೇಟೆ ರೈಲು ನಿಲ್ದಾಣದಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ರಾತ್ರಿ ಹತ್ತರ ಮೇಲೆ ಬರುವ ಫೋನಿನಲ್ಲಿ, ಎಲ್ಲ ಕಡೆಯೂ ಇದೇ ಪ್ರಶ್ನೆ. ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳುಹಿಸುತ್ತೇನೆ.

ನನ್ನ ಕಾದಂಬರಿಯನ್ನು ಓದದವರಿಗಾಗಿ ಎರಡು ಮಾತು. ಕಥೆ ನಡೆಯುವುದು ಇನ್ನು ಹತ್ತು ಹನ್ನೆರಡು ವರ್ಷಗಳಾಚೆ, ಅರಬ್ಬೀ ಸಮುದ್ರದಲ್ಲಿ. ಕಡಲಡಿಯ ಇಂಟರ್ನೆಟ್ ಕೇಬಲ್‌ಗಳು ಒಂದರ ಹಿಂದೊಂದು ತುಂಡಾಗುತ್ತಿವೆ. ಕಾರವಾರದಿಂದ ಹೊರಟ ನಮ್ಮ ಜಲಾಂತರ್ಗಾಮಿಗೆ ದಡದಿಂದ ಬರಬೇಕಾದ ಸಂದೇಶ ನಿಂತುಹೋಗಿದೆ. ಹತ್ತಿರದಲ್ಲೇ ನೀರಿನಡಿ ಇನ್ನೊಂದು ಯಂತ್ರ ಸುಳಿದಾಡುತ್ತಿದೆ. ಅದು ಯಾವ ದೇಶದ್ದು, ಅದರೊಳಗೆ ಮನುಷ್ಯರಿದ್ದಾರೆಯೇ ಎಂಬುದು ಯಾರಿಗೂ ತಿಳಿಯದು. ಮೇಲೆ ಯುದ್ಧ ಘೋಷಣೆಯಾಗಿದೆಯೇ ಎಂಬುದೂ ಗೊತ್ತಿಲ್ಲ. ನೀರಿನಡಿ ಸಾಗಿ ಹಡಗನ್ನು ಸಿಡಿಸುವ ಅಸ್ತ್ರಕ್ಕೆ ಟಾರ್ಪೆಡೊ ಎನ್ನುತ್ತಾರೆ; ಇಡೀ ಪುಸ್ತಕದಲ್ಲಿ ಹಾರುವುದು ಒಂದೇ ಟಾರ್ಪೆಡೊ, ಅದೂ ಕೊನೆಗೆ. ಜಗಳವೆಲ್ಲ ಇದರ ಮೇಲೆಯೇ.

ನನ್ನ ಉತ್ತರ ಇಷ್ಟೇ: ಯುದ್ಧ ಮೊದಲ ಪುಟದಲ್ಲೇ ಶುರುವಾಗಿದೆ. ಮೊದಲ ಪುಟದಲ್ಲಿ ಸೋನಾರ್ ಕೋಣೆಯ, ಅಂದರೆ ನೀರಿನಡಿಯ ಸದ್ದು ಹಿಡಿಯುವ ಕೋಣೆಯ ಹುಡುಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾನಲ್ಲ, ಅದೇ ಯುದ್ಧ. ಜಲಾಂತರ್ಗಾಮಿಗೆ ಕಿಟಕಿ ಇಲ್ಲ. ಆಳಕ್ಕಿಳಿದ ಮೇಲೆ ಪೆರಿಸ್ಕೋಪಿನಿಂದಲೂ ಉಪಯೋಗವಿಲ್ಲ. ಬೆಳಕು ನೀರಿನಲ್ಲಿ ಬಹುದೂರ ಸಾಗುವುದಿಲ್ಲ, ಸಾಮಾನ್ಯ ರೇಡಿಯೊ ಅಲೆಗಳಂತೂ ಉಪ್ಪು ನೀರಿನಲ್ಲಿ ಮೇಲ್ಗಡೆಯೇ ಸತ್ತುಹೋಗುತ್ತವೆ. ಉಳಿದಿರುವುದು ಶಬ್ದ ಮಾತ್ರ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದ, ಸಮುದ್ರದ ನೀರಿನಲ್ಲಿ ಸುಮಾರು 1,500 ಮೀಟರ್ ಸಾಗುತ್ತದೆ. ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. ಕಾದಂಬರಿ ಹುಟ್ಟಿದ್ದೇ ಆ ಪಾಠದಿಂದ.

‘ಸದ್ದು ಕಳುಹಿಸಿ ಪ್ರತಿಧ್ವನಿ ಹಿಡಿದರೆ ಶತ್ರು ಎಲ್ಲಿದ್ದಾನೆಂದು ತಿಳಿಯುವುದಿಲ್ಲವೇ’ ಎಂದು ಕೇಳುತ್ತಾರೆ. ತಿಳಿಯುತ್ತದೆ. ಆದರೆ ಸದ್ದು ಕಳುಹಿಸಿದ ಕ್ಷಣವೇ ನಾವು ಎಲ್ಲಿದ್ದೇವೆಂಬುದು ಅವನಿಗೂ ತಿಳಿಯುತ್ತದೆ, ನಮಗಿಂತ ಮೊದಲು ತಿಳಿಯುತ್ತದೆ. ಆದ್ದರಿಂದ ಇಬ್ಬರೂ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಾರೆ. ಕೇಳಿಸಿಕೊಳ್ಳುವುದೂ ಸುಲಭವಲ್ಲ. ಸೀಗಡಿಯ ಒಂದು ಜಾತಿ ತನ್ನ ಇಕ್ಕಳದಂಥ ಕೈಯನ್ನು ಪಟ್ಟನೆ ಮುಚ್ಚಿ ಚಟಪಟ ಸದ್ದು ಮಾಡುತ್ತದೆ. ದಡದ ಹತ್ತಿರದ ಬೆಚ್ಚನೆಯ ನೀರಿನಲ್ಲಿ ಆ ಸದ್ದಿನಲ್ಲಿ ಎಷ್ಟೋ ಬೇರೆ ಸದ್ದುಗಳು ಮುಳುಗಿಹೋಗುತ್ತವೆ. ಮೇಲಿನ ಬೆಚ್ಚನೆಯ ನೀರಿಗೂ ಕೆಳಗಿನ ತಣ್ಣನೆಯ ನೀರಿಗೂ ನಡುವಿನ ಪದರದಲ್ಲಿ ಶಬ್ದ ಬಾಗಿಹೋಗುತ್ತದೆ. ಪದರದ ಕೆಳಗೆ ಅವಿತವನು ಮೇಲಿದ್ದವನಿಗೆ ಕೇಳಿಸದೇ ಹೋಗಬಹುದು. ಪ್ರೊಪೆಲ್ಲರ್ ತೀರಾ ವೇಗವಾಗಿ ತಿರುಗಿದರೆ ಅದರ ಅಲಗಿನ ಮೇಲೆ ಗುಳ್ಳೆಗಳೆದ್ದು ಒಡೆಯುತ್ತವೆ, ಆ ಸದ್ದು ದೂರದವರೆಗೆ ಹೋಗುತ್ತದೆ. ಓಡಿ ತಪ್ಪಿಸಿಕೊಳ್ಳುತ್ತೇನೆ ಎಂದವನು ಓಡಿದ್ದರಿಂದಲೇ ಸಿಕ್ಕಿಬೀಳುತ್ತಾನೆ. ಇಷ್ಟು ಗೊತ್ತಿರುವ ನಾನು ಹತ್ತು ಪುಟಕ್ಕೊಂದು ಸ್ಫೋಟವನ್ನು ಹೇಗೆ ಬರೆಯಲಿ?

ಓದುಗರು ಒಮ್ಮತದಿಂದ ಬೈದಿರುವುದು ಬ್ಯಾಟರಿಯ ಅಧ್ಯಾಯವನ್ನು. “ಮೇಡಂ, ಬ್ಯಾಟರಿ ಚಾರ್ಜ್ ಮಾಡುವುದಕ್ಕೆ ಇಪ್ಪತ್ತು ಪುಟವೇ?” ಎಂದು ಕೇಳಿದವರಲ್ಲಿ ನನ್ನ ಸ್ವಂತ ತಮ್ಮನೂ ಇದ್ದಾನೆ. ಡೀಸೆಲ್ ಜಲಾಂತರ್ಗಾಮಿ ನೀರಿನಡಿ ಓಡುವುದು ಬ್ಯಾಟರಿಯ ಬಲದಿಂದ. ಆಗ ಅದರಷ್ಟು ಮೌನಿ ಇನ್ನೊಂದಿಲ್ಲ. ಬ್ಯಾಟರಿ ಇಳಿದಾಗ ಮೇಲ್ಮೈ ಹತ್ತಿರಕ್ಕೆ ಬಂದು, ಸ್ನಾರ್ಕೆಲ್ ಕೊಳವೆಯನ್ನು ನೀರಿನ ಮೇಲೆ ಚಾಚಿ, ಗಾಳಿ ಎಳೆದುಕೊಂಡು ಡೀಸೆಲ್ ಎಂಜಿನ್ ಓಡಿಸಬೇಕು. ಅಷ್ಟು ಹೊತ್ತೂ ಅದು ಸದ್ದು ಮಾಡುತ್ತಿರುತ್ತದೆ. ಕೊಳವೆ ರಡಾರಿಗೆ ಕಾಣಿಸಬಹುದು, ವಿಮಾನದ ಕಣ್ಣಿಗೂ ಬೀಳಬಹುದು. ಹಡಗಿನೊಳಗಿನ ಎಲ್ಲರೂ ಕಾಯುತ್ತಾ ಚಾರ್ಜ್ ಮೀಟರನ್ನೇ ನೋಡುವ ಆ ಇಪ್ಪತ್ತು ಪುಟ ಇಡೀ ಕಾದಂಬರಿಯಲ್ಲಿ ಅತ್ಯಂತ ಅಪಾಯದ ಜಾಗ. ಅದನ್ನು ಹಾರಿಸಿ ಓದಿದವರು ಯುದ್ಧವನ್ನೇ ಹಾರಿಸಿ ಓದಿದ್ದಾರೆ.

“1971ರಲ್ಲಿ ಹೀಗಿರಲಿಲ್ಲ, ಅದು ನಿಜವಾದ ಯುದ್ಧ” ಎಂದು ನಿವೃತ್ತ ಮೇಷ್ಟ್ರೊಬ್ಬರು ವಾದ ಹೂಡಿದರು. ಅವರ ಮೇಲೆ ಗೌರವವಿದೆ, ಆದರೂ ಹೇಳಲೇಬೇಕು: ಆಗಲೂ ಹೀಗೇ ಇತ್ತು. 1971ರ ಡಿಸೆಂಬರ್ 9ರ ರಾತ್ರಿ ದಿಯು ಕರಾವಳಿಯಾಚೆ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ನೀರುಪಾಲಾದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗಿನೊಂದಿಗೇ ಹೋದರು. ಹಂಗೋರ್ ಮೊದಲು ಬಿಟ್ಟ ಟಾರ್ಪೆಡೊ ಜೊತೆಯಲ್ಲಿದ್ದ ಕಿರ್ಪಾಣ್ ಹಡಗಿನ ಮೇಲೆ, ಅದು ಸಿಡಿಯಲೇ ಇಲ್ಲ. ಎರಡನೆಯದು ಖುಕ್ರಿಗೆ ಬಡಿಯಿತು. ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿಯಿತು. ಆ ಕೆಲವು ನಿಮಿಷಗಳ ಹಿಂದೆ ಗಂಟೆಗಟ್ಟಲೆ ಬೆನ್ನುಹತ್ತುವ ಕೆಲಸ ನಡೆದಿತ್ತು. ಸ್ಫೋಟವನ್ನಷ್ಟೇ ಯುದ್ಧ ಎನ್ನುವುದಾದರೆ, ಸತ್ತವರಿಗೂ ಕೊಂದವರಿಗೂ ಅದು ಯುದ್ಧದ ಅತಿ ಚಿಕ್ಕ ಭಾಗ.

ಇನ್ನೊಂದು ಗುಂಪಿನವರ ಸಿಟ್ಟು ಬೇರೆ. “ಶತ್ರು ಯಾರು ಎಂದು ಹೆಸರು ಹೇಳಲು ನಿಮಗೇಕೆ ಭಯ?” ಎನ್ನುತ್ತಾರೆ. ಭಯವಿಲ್ಲ. ನನ್ನ ಕ್ಯಾಪ್ಟನ್‌ಗೆ ಗೊತ್ತಿಲ್ಲದ್ದನ್ನು ಓದುಗನಿಗೆ ಹೇಳಿಬಿಟ್ಟರೆ ಅವನ ಸಂಕಟ ಓದುಗನದಾಗುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬಾಲ್ಟಿಕ್ ಸಮುದ್ರದಡಿ ನಾರ್ಡ್ ಸ್ಟ್ರೀಮ್ ಅನಿಲ ಕೊಳವೆಗಳು ಸ್ಫೋಟಗೊಂಡವು. ಯುರೋಪಿನ ಅಷ್ಟೊಂದು ದೇಶಗಳ ಮೂಗಿನಡಿಯಲ್ಲಿ ನಡೆದ ಕೆಲಸ, ಮಾಡಿದವರು ಯಾರೆಂಬ ವಾದ ವರ್ಷಗಟ್ಟಲೆ ನಡೆಯಿತು. ನೀರಿನಡಿ ಸಹಿ ಹಾಕಿ ಹೋಗುವವರು ಯಾರೂ ಇಲ್ಲ.

ಎಂಜಿನಿಯರಿಂಗ್ ಓದುವ ಹುಡುಗರ ಆಕ್ಷೇಪವನ್ನು ಮಾತ್ರ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಕಥೆ ನಡೆಯುವ ಹೊತ್ತಿಗೆ ಮಾನವರಹಿತ ಯಂತ್ರಗಳೂ ಕೃತಕ ಬುದ್ಧಿಮತ್ತೆಯೂ ಸೇರಿ ಸಮುದ್ರವನ್ನೇ ಗಾಜಿನಂತೆ ಮಾಡಿಬಿಡುತ್ತವೆ, ಅವಿತುಕೊಳ್ಳಲು ಜಾಗವೇ ಇರುವುದಿಲ್ಲ ಎನ್ನುತ್ತಾರೆ. ಒಳ್ಳೆಯ ವಾದ. ಕಾದಂಬರಿಯಲ್ಲಿ ನಾನೂ ಆ ಯಂತ್ರಗಳನ್ನು ತಂದಿದ್ದೇನೆ. ಸಾವಿರ ಸದ್ದುಗಳ ನಡುವಿನಿಂದ ಒಂದನ್ನು ಹೆಕ್ಕಿ ತೆಗೆಯುವ ಕೆಲಸವನ್ನು ಯಂತ್ರ ಮನುಷ್ಯನಿಗಿಂತ ಚೆನ್ನಾಗಿ ಮಾಡಬಹುದು. ಆದರೆ ಸಿಕ್ಕಿದ ಸದ್ದಿನ ಮೇಲೆ ಟಾರ್ಪೆಡೊ ಬಿಡಬೇಕೇ ಎಂಬುದನ್ನು ಯಾರು ತೀರ್ಮಾನಿಸಬೇಕು? 1962ರ ಅಕ್ಟೋಬರ್ 27ರಂದು ಕ್ಯೂಬಾದಲ್ಲಿಟ್ಟ ಸೋವಿಯತ್ ಕ್ಷಿಪಣಿಗಳ ವಿಷಯಕ್ಕೆ ಅಮೆರಿಕ, ಸೋವಿಯತ್ ಒಕ್ಕೂಟ ಎದುರುಬದುರಾದ ಬಿಕ್ಕಟ್ಟಿನ ನಡುವೆ ಸೋವಿಯತ್ ಜಲಾಂತರ್ಗಾಮಿ ಬಿ-59 ಅಮೆರಿಕದ ಯುದ್ಧನೌಕೆಗಳ ನಡುವೆ ಸಿಕ್ಕಿಬಿದ್ದಿತ್ತು. ಮಾಸ್ಕೋ ಸಂಪರ್ಕವಿಲ್ಲ. ಬ್ಯಾಟರಿ ಇಳಿದಿದೆ. ಒಳಗೆ ಬೇಯುವಂಥ ಸೆಕೆ. ಮೇಲಿನಿಂದ ಎಚ್ಚರಿಕೆಯ ಸಿಡಿಗುಂಡುಗಳು ಬೀಳುತ್ತಿವೆ. ಮೇಲೆ ಯುದ್ಧವೇ ಶುರುವಾಗಿರಬೇಕೆಂದು ಬಗೆದ ಕ್ಯಾಪ್ಟನ್ ಅಣ್ವಸ್ತ್ರದ ಟಾರ್ಪೆಡೊ ಸಿದ್ಧಪಡಿಸಲು ಹೇಳಿದನೆಂದೂ, ನೌಕೆಯಲ್ಲಿದ್ದ ವಾಸಿಲಿ ಅರ್ಖಿಪೋವ್ ಎಂಬ ಅಧಿಕಾರಿ ಅವನನ್ನು ತಡೆದನೆಂದೂ ಆ ನೌಕೆಯಲ್ಲಿದ್ದವರು ಹೇಳಿದ್ದಾರೆ. ಆ ದಿನ ಒಂದು ಟಾರ್ಪೆಡೊ ಹಾರದೇ ಉಳಿದದ್ದರಿಂದ ನೀವು ಇಂದು ಈ ಬರಹ ಓದುತ್ತಿರಬಹುದು. ಹಾರದ ಟಾರ್ಪೆಡೊ ಕಥೆಯಲ್ಲ ಎನ್ನುವವರಿಗೆ ನಾನು ಇದಕ್ಕಿಂತ ದೊಡ್ಡ ಉದಾಹರಣೆ ಕೊಡಲಾರೆ.

‘ಸಮುದ್ರವೇ ಇಲ್ಲದ ಕೋಲಾರದವರಿಗೆ ಸಬ್‌ಮರೀನ್ ಏಕೆ’ ಎಂಬ ಪ್ರಶ್ನೆಗೆ ಹೆಚ್ಚು ಜಾಗ ಕೊಡುವುದಿಲ್ಲ. ವಿಶಾಖಪಟ್ಟಣದ ಕಡಲತೀರದಲ್ಲಿ ಐಎನ್‌ಎಸ್ ಕುರ್ಸುರ ಎಂಬ ನಿವೃತ್ತ ಜಲಾಂತರ್ಗಾಮಿಯನ್ನು ದಡಕ್ಕೆಳೆದು ಮ್ಯೂಸಿಯಂ ಮಾಡಿದ್ದಾರೆ. ಹೋಗಿ ನೋಡಿ ಬನ್ನಿ. ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟುವ ಗುಂಡನೆಯ ಬಾಗಿಲಲ್ಲಿ ಮೊದಲು ಕಾಲು ತೂರಿಸಿ, ತಲೆ ಬಗ್ಗಿಸಿ, ಆಮೇಲೆ ಸೊಂಟ ಎಳೆದುಕೊಳ್ಳಬೇಕು. ಕೊಳವೆ, ಕವಾಟ, ಗೇಜುಗಳಿಂದ ತುಂಬಿಹೋದ ಆ ಓಣಿಯಲ್ಲಿ ಎದುರಿಗೊಬ್ಬರು ಬಂದರೆ ಇಬ್ಬರೂ ಗೋಡೆಗೆ ಬೆನ್ನು ಹಚ್ಚಬೇಕು. ಅಂಥ ಜಾಗದಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ವಾರಗಟ್ಟಲೆ ಬದುಕುತ್ತಿದ್ದರು. ಅದನ್ನು ಅರ್ಥ ಮಾಡಿಕೊಳ್ಳಲು ಕಡಲ ದಂಡೆಯಲ್ಲಿ ಹುಟ್ಟಬೇಕಿಲ್ಲ.

ಈಗ ಕೆಜಿಎಫ್‌ನ ಆ ಭಾನುವಾರದ ಮಾತು ಹೇಳುತ್ತೇನೆ. ರಾಬರ್ಟ್‌ಸನ್‌ಪೇಟೆಯಲ್ಲಿ ಸ್ನೇಹಿತರು ಪುಸ್ತಕದ ಬಗ್ಗೆ ಒಂದು ಮಾತುಕತೆ ಏರ್ಪಡಿಸಿದ್ದರು. ಎಂದಿನಂತೆ ‘ಯುದ್ಧ ಎಲ್ಲಿ’ ಎಂಬಲ್ಲಿಂದಲೇ ಮಾತು ಶುರುವಾಯಿತು. ನಾನೂ ಎಂದಿನಂತೆ ಸೀಗಡಿಯಿಂದ ಹಿಡಿದು ಬ್ಯಾಟರಿಯವರೆಗೆ ಉತ್ತರ ಕೊಡುತ್ತಿದ್ದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಯಸ್ಸಾದವರೊಬ್ಬರು ಎದ್ದು ನಿಂತರು. ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿದ್ದ ಗಣಿ ಅದು, 2001ರಲ್ಲಿ ಮುಚ್ಚಿತು. ಅವರು ಪುಸ್ತಕ ಓದಿರಲಿಲ್ಲ, ಮೊಮ್ಮಗಳು ಓದಿ ಹೇಳಿದ್ದಳಂತೆ. ಅವರು ಕೇಳಿದ್ದು ಇದು:

“ಟೀಚರಮ್ಮ, ಒಳಗಿರುವವರಿಗೆ ಗಾಳಿ ಹೇಗೆ? ಅವರು ಮೇಲೆ ಬರುವುದು ತಡವಾದರೆ ಮನೆಯವರಿಗೆ ಹೇಳುವವರು ಯಾರು?”

ಸಭೆಯಲ್ಲಿ ಯಾರೋ ನಕ್ಕರು. ನನಗೆ ಆ ನಗುವಿನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅವರು ಮುಂದುವರಿಸಿ ಹೇಳಿದರು: ಗಣಿಯೊಳಗೆ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳು ಅಲುಗುತ್ತಿದ್ದವು. ಆಗ ಹೆಂಗಸರು ಒಲೆ ಆರಿಸಿ ಶಾಫ್ಟಿನ ಬಾಯಿಗೆ ಓಡುತ್ತಿದ್ದರು. ಯಾವ ಆಳದಲ್ಲಿ ಸಿಡಿದಿದೆ, ಯಾರ ಪಾಳಿ ಒಳಗಿದೆ ಎಂದು ತಿಳಿಯುವವರೆಗೆ ಅಲ್ಲೇ ನಿಂತಿರುತ್ತಿದ್ದರು. “ಸಮುದ್ರದಲ್ಲಿ ಪಾತ್ರೆಯೂ ಅಲುಗುವುದಿಲ್ಲವಲ್ಲಮ್ಮ” ಎಂದರು.

ನನ್ನನ್ನು ಎಲ್ಲರೂ ಕೇಳಬೇಕಾಗಿದ್ದ ಪ್ರಶ್ನೆ ಇದು. ಅಂದು ಅವರಿಗೆ ಹೇಳಿದ ಉತ್ತರವನ್ನು ಇಲ್ಲೂ ಬರೆಯುತ್ತೇನೆ.

ಗಾಳಿಯ ಮಾತು ಮೊದಲು. ಅಣುಶಕ್ತಿಯ ಜಲಾಂತರ್ಗಾಮಿಗಳು ವಿದ್ಯುತ್ತಿನಿಂದ ನೀರನ್ನು ಒಡೆದು ಆಮ್ಲಜನಕ ಮಾಡಿಕೊಳ್ಳುತ್ತವೆ. ಡೀಸೆಲ್ ನೌಕೆಗಳು ಮೇಲೆ ಬಂದಾಗ ಎಳೆದುಕೊಂಡ ಗಾಳಿಯಲ್ಲೇ ದಿನ ದೂಡಬೇಕು. ಉಸಿರಿನಿಂದ ಹೊರಬರುವ ಇಂಗಾಲದ ಡೈ ಆಕ್ಸೈಡನ್ನು ರಾಸಾಯನಿಕಗಳಿಂದ ಹೀರಿಸಬೇಕು. ಆಮ್ಲಜನಕ ಮುಗಿಯುವ ಮೊದಲೇ ಆ ಅನಿಲ ಏರಿ ತಲೆನೋವು, ಮಂಪರು ಶುರುವಾಗುತ್ತದೆ. ಕೆಟ್ಟ ಗಾಳಿಯಲ್ಲಿ ಕ್ಯಾಪ್ಟನ್ ತೆಗೆದುಕೊಳ್ಳುವ ತೀರ್ಮಾನವೂ ಕೆಡುತ್ತದೆ.

ಮನೆಯವರ ಮಾತು ಕಷ್ಟದ್ದು. ದಡದಿಂದ ಆಳದ ನೌಕೆಗೆ ಸಂದೇಶ ಕಳುಹಿಸಲು ಅತಿ ಕಡಿಮೆ ಆವರ್ತನದ ರೇಡಿಯೊ ಬೇಕು. ನಮ್ಮ ದೇಶದಲ್ಲಿ ಅದಕ್ಕಾಗಿ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿ ಐಎನ್‌ಎಸ್ ಕಟ್ಟಬೊಮ್ಮನ್ ಎಂಬ ಕೇಂದ್ರವಿದೆ. ಅದೂ ಹತ್ತಿಪ್ಪತ್ತು ಮೀಟರ್ ಆಳದವರೆಗೆ ಮಾತ್ರ ತಲುಪುತ್ತದೆ. ಕೆಳಗಿರುವವರು ಕೇಳಿಸಿಕೊಳ್ಳಬಹುದು, ಅದೇ ದಾರಿಯಲ್ಲಿ ಉತ್ತರ ಕೊಡಲಾಗುವುದಿಲ್ಲ. ಉತ್ತರಿಸಬೇಕಾದರೆ ಮೇಲ್ಮೈಗೆ ಆಂಟೆನಾ ಚಾಚಬೇಕು, ತಾನಿರುವ ಜಾಗ ಬಯಲಾಗುವ ಅಪಾಯಕ್ಕೆ ಒಡ್ಡಿಕೊಳ್ಳಬೇಕು. ಹಾಗಾಗಿ ಮೌನ ಬಂತೆಂದರೆ ನೌಕೆ ಚೆನ್ನಾಗಿ ಅವಿತಿದೆ ಎಂದೂ ಅರ್ಥ, ನೌಕೆಯೇ ಇಲ್ಲ ಎಂದೂ ಅರ್ಥ. ದಡದಲ್ಲಿರುವವರಿಗೆ ಎರಡೂ ಒಂದೇ ಥರ ಕೇಳಿಸುತ್ತದೆ.

2000ದ ಆಗಸ್ಟ್ 12ರಂದು ರಷ್ಯಾದ ಕುರ್ಸ್ಕ್ ಮುಳುಗಿ 118 ಮಂದಿ ಸತ್ತರು. ಸ್ಫೋಟದ ನಂತರವೂ ಹಿಂಭಾಗದ ಕೋಣೆಯೊಂದರಲ್ಲಿ 23 ಮಂದಿ ಸ್ವಲ್ಪ ಕಾಲ ಬದುಕಿದ್ದರು. ಅವರಲ್ಲೊಬ್ಬ ಕತ್ತಲಲ್ಲೇ ಚೀಟಿ ಬರೆದಿಟ್ಟಿದ್ದ. ಹೊರಜಗತ್ತಿಗೆ ಸುದ್ದಿ ಹೇಳಿದ್ದು ಎರಡು ದಿನಗಳ ನಂತರ. 2017ರ ನವೆಂಬರ್‌ನಲ್ಲಿ ಅರ್ಜೆಂಟೀನಾದ ಸಾನ್ ಹುವಾನ್ 44 ಮಂದಿಯೊಂದಿಗೆ ಕಾಣೆಯಾಯಿತು. ಸಿಕ್ಕಿದ್ದು ಮರುವರ್ಷದ ನವೆಂಬರ್‌ನಲ್ಲಿ, ಸುಮಾರು 900 ಮೀಟರ್ ಆಳದಲ್ಲಿ. ಒಂದು ವರ್ಷ ಆ ಮನೆಗಳಲ್ಲಿ ತಿಥಿ ಮಾಡಬೇಕೇ ದಾರಿ ಕಾಯಬೇಕೇ ಎಂಬುದೂ ತಿಳಿಯದ ಸ್ಥಿತಿ. ನಮ್ಮ ನೌಕಾಪಡೆಯ ಬಳಿ ಈಗ ಆಳಕ್ಕಿಳಿದು ರಕ್ಷಿಸುವ ಎರಡು ಪುಟ್ಟ ನೌಕೆಗಳಿವೆ, ಒಂದು ಪಶ್ಚಿಮ ಕರಾವಳಿಗೆ, ಒಂದು ಪೂರ್ವಕ್ಕೆ. ಆದರೆ ರಕ್ಷಣೆ ಸಾಧ್ಯವಾಗುವುದು ನೌಕೆಯ ಗೋಡೆ ತಡೆದುಕೊಳ್ಳುವ ಆಳದಲ್ಲಿ ಮಾತ್ರ. ಹತ್ತು ಮೀಟರ್ ಇಳಿದಂತೆಲ್ಲ ನೀರಿನ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತಾ ಹೋಗುತ್ತದೆ. ಒಂದು ಹಂತ ದಾಟಿದರೆ ಉಕ್ಕೂ ತಡೆಯುವುದಿಲ್ಲ.

ಇಷ್ಟನ್ನೂ ಕೇಳಿ ಆ ಹಿರಿಯರು “ಹಾಗಾದರೆ ಅವರ ಹೆಂಗಸರ ಕಥೆ ನಿಮ್ಮ ಪುಸ್ತಕದಲ್ಲಿ ಇರಬೇಕಿತ್ತು” ಎಂದು ಕುಳಿತರು. ಈ ಪುಸ್ತಕಕ್ಕೆ ಬಂದ ಅಭಿಪ್ರಾಯಗಳಲ್ಲಿ ನಾನು ತಲೆಬಾಗುವುದು ಇದೊಂದಕ್ಕೆ.

ಪ್ರಕಾಶಕರು ಎರಡನೇ ಭಾಗ ಕೇಳುತ್ತಿದ್ದಾರೆ. ಓದುಗರ ಬೇಡಿಕೆಯಂತೆ ಈ ಸಲ ಟಾರ್ಪೆಡೊಗಳು ಹೆಚ್ಚಿರಲಿ ಎಂದು ಸೂಚಿಸಿದ್ದಾರೆ. ಅವರಿಗೂ ನಿಮಗೂ ಒಟ್ಟಿಗೇ ಹೇಳಿಬಿಡುತ್ತೇನೆ: ಇರುವುದಿಲ್ಲ. ಎರಡನೇ ಭಾಗ ನಡೆಯುವುದು ಕಾರವಾರದ ನೌಕಾಪಡೆಯ ವಸತಿಗೃಹಗಳಲ್ಲಿ, ಮೊದಲ ಪುಸ್ತಕದ ಕಥೆ ನಡೆಯುವ ಅದೇ ಹದಿನೇಳು ದಿನ, ಸೋನಾರ್ ಹುಡುಗನ ಹೆಂಡತಿಯ ಕಡೆಯಿಂದ. ಅವಳು ಮುಳಬಾಗಿಲಿನವಳು, ಕಡಲನ್ನು ನೋಡಿದ್ದೇ ಮದುವೆಯಾದ ಮೇಲೆ. ಮೊದಲ ಅಧ್ಯಾಯ ಬರೆದು ಮುಗಿಸಿದ್ದೇನೆ. ಯುದ್ಧ ಅದರಲ್ಲೂ ಮೊದಲ ಪುಟದಲ್ಲೇ ಶುರುವಾಗುತ್ತದೆ, ದಯವಿಟ್ಟು ಫೋನ್ ಮಾಡಿ ಕೇಳಬೇಡಿ.