ಮೇಲೆ 0.35, ಕೆಳಗೆ 0.10

ತುಮಕೂರಿನ ಶಿರಾ ಗೇಟ್ ಕಡೆಯ ನಮ್ಮ ಗ್ಯಾರೇಜಿನಲ್ಲಿ ಹೋದ ತಿಂಗಳು ಒಂದು ಪ್ರೀಮಿಯರ್ ಪದ್ಮಿನಿ ಕಾರಿಗೆ ಹೊಸ ರಿಂಗ್ ಸೆಟ್, ಅಂದರೆ ಪಿಸ್ಟನ್ ಸುತ್ತ ಕೂರುವ ಉಂಗುರಗಳು, ಹಾಕಿದೆವು. ಟ್ಯಾಪೆಟ್ ಸೆಟ್ ಆಯ್ತು, ಐಡ್ಲಿಂಗ್ ಚೆನ್ನಾಗಿತ್ತು, ಹೊಗೆ ನಿಂತಿತ್ತು. ಗುಬ್ಬಿ ರಸ್ತೆಯಲ್ಲಿ ಟ್ರಯಲ್ ಹೋಗಿ ಬಂದು ಆಫ್ ಮಾಡಿದ ಮೇಲೆ ಹುಡುಗ ಮತ್ತೆ ಕೀ ತಿರುಗಿಸಿದ. "ಅಣ್ಣ, ಸೆಲ್ಫ್ ಎಳೀತಿಲ್ಲ."

ಬ್ಯಾಟರಿ ಇರಬೇಕು ಅಂದುಕೊಂಡು ಬೇರೆ ಬ್ಯಾಟರಿ ಕೊಟ್ಟೆ. ಟಕ್ ಅಂತ ಒಂದೇ ಸದ್ದು. ಪ್ಲಗ್ ನಾಲ್ಕೂ ಬಿಚ್ಚಿ, ಪುಲ್ಲಿ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಎಳೆದರೂ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಅಲ್ಲಾಡಲಿಲ್ಲ. ಗಾಡಿಯವರು ಬೆಂಚಿನ ಮೇಲೆ ಕೂತು ಒಂದು ಮಾತೂ ಆಡದೆ ನೋಡುತ್ತಿದ್ದರು. ಮುಕ್ಕಾಲು ಗಂಟೆ ಆದ ಮೇಲೆ, ಬ್ಲಾಕ್ ಮೇಲೆ ಕೈ ಇಡುವಷ್ಟು ತಣ್ಣಗಾದಾಗ, ಅದೇ ಸ್ಪ್ಯಾನರಿಗೆ ಸಲೀಸಾಗಿ ತಿರುಗಿತು. ಬಿಸಿಯಲ್ಲಿ ಹಿಡಿದು ತಣ್ಣಗಾದಾಗ ಬಿಡುತ್ತದೆ ಅಂದರೆ ಪಿಸ್ಟನ್ ಬಿಗಿಯಾಗಿರಬೇಕು, ಇಲ್ಲವೇ ರಿಂಗ್ ಗ್ಯಾಪ್, ಅಂದರೆ ಸಿಲಿಂಡರಿನೊಳಗೆ ಕೂತ ರಿಂಗಿನ ಎರಡು ತುದಿಗಳ ನಡುವಿನ ಸಂದು, ಸಾಲದೆ ಇರಬೇಕು. ಪಿಸ್ಟನ್ ಹಳೆಯದೇ. ಗ್ಯಾಪ್ ನೋಡಿದ್ದವನು ನಾನು.

ಹೆಡ್, ಕೆಳಗಿನ ಆಯಿಲ್ ಚೇಂಬರ್ ಇಳಿಸಿ ಪಿಸ್ಟನ್ ತೆಗೆದೆವು. ಮೂರನೇ ಸಿಲಿಂಡರಿನ ಟಾಪ್ ರಿಂಗ್ ಕಳಚಿ ತುದಿ ನೋಡಿದರೆ ಎರಡೂ ತುದಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಸರಿ ಇರುವ ರಿಂಗಿನ ತುದಿ ಮಂಕಾಗಿ, ಬೂದು ಬಣ್ಣಕ್ಕೆ ಇರುತ್ತದೆ. ಹೊಳಪು ಬಂತೆಂದರೆ ತುದಿಗೆ ತುದಿ ತಾಗಿ ಉಜ್ಜಿದೆ ಎಂದೇ ಅರ್ಥ. ಬೋರಿನ, ಅಂದರೆ ಸಿಲಿಂಡರಿನ ಒಳಗೋಡೆಯ, ಕೆಳಗಿನ ಅರ್ಧದಲ್ಲಿ ಉದ್ದುದ್ದ ಗೀರು, ಮೇಲೆ ಏನೂ ಇಲ್ಲ.

ಹಾಕುವ ಮೊದಲು ನಾನು ಗ್ಯಾಪ್ ಅಳೆದಿದ್ದು ಬೋರಿನ ಮೇಲಿನಿಂದ ಒಂದು ಇಂಚು ಕೆಳಗೆ. ಅಲ್ಲಿ 0.35 ಮಿ.ಮೀ. ಸಿಕ್ಕಿತು, ಸಾಕು ಅಂದುಕೊಂಡೆ. ಕ್ರ್ಯಾಂಕ್ ಜಾಗದಲ್ಲೇ ಇತ್ತು, ಬೋರಿನ ಆಳಕ್ಕೆ ಬೆಳಕು ಬೀಳುತ್ತಿರಲಿಲ್ಲ, ಕೈಗೆ ಸಿಗುವ ಜಾಗದಲ್ಲಿ ನೋಡಿ ಬಿಟ್ಟೆ. ಓಡಿದ ಎಂಜಿನ್ನಿನಲ್ಲಿ ಹೆಚ್ಚು ಸವೆದಿರುವುದು ಬೋರಿನ ಈ ಮೇಲ್ಭಾಗವೇ. ಉರಿಯುವ ಗ್ಯಾಸಿನ ಒತ್ತಡ ರಿಂಗನ್ನು ಗೋಡೆಗೆ ಒತ್ತುವುದು ಅಲ್ಲಿ, ಎಣ್ಣೆ ಕಡಿಮೆ ತಲುಪುವುದೂ ಅಲ್ಲಿ. ಕೆಳಗೆ ಬೋರ್ ಬಹುತೇಕ ಮೊದಲಿನ ಅಳತೆಯಲ್ಲೇ ಉಳಿದಿರುತ್ತದೆ. ಪದ್ಮಿನಿಯ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿನಿಂದ ಕೆಳಗೆ ಓಡುವ ದೂರ, 75 ಮಿ.ಮೀ. ಪಿಸ್ಟನ್ ಪೂರ್ತಿ ಕೆಳಗೆ ಬಂದಾಗ ಟಾಪ್ ರಿಂಗ್ ನಿಲ್ಲುವ ಜಾಗಕ್ಕೆ ಅದೇ ರಿಂಗನ್ನು ಇಳಿಸಿ ಫಿಲ್ಲರ್ ಗೇಜಿನ (ಸಂದು ಅಳೆಯುವ ತೆಳು ತಗಡುಗಳ ಕಟ್ಟು) ಉದ್ದದ ಬ್ಲೇಡಿನಲ್ಲಿ ನೋಡಿದೆ: 0.10.

ಲೆಕ್ಕ ಸುಲಭ. ಬೋರಿನ ವ್ಯಾಸ ಎಷ್ಟು ಕಡಿಮೆಯಾಗುತ್ತದೋ ಗ್ಯಾಪ್ ಅದರ 3.14 ಪಟ್ಟು ಕಡಿಮೆಯಾಗುತ್ತದೆ. ಮೇಲೆ ಕೆಳಗೆ 0.25 ವ್ಯತ್ಯಾಸ, ಅಂದರೆ ಬೋರ್ 0.08 ಟೇಪರ್ ಆಗಿದೆ, ಕೆಳಗಿಗಿಂತ ಮೇಲೆ ಅಷ್ಟು ಅಗಲ. ಬೋರ್ ಗೇಜ್ ಇಲ್ಲದ ಗ್ಯಾರೇಜಿನಲ್ಲೂ ಒಂದು ಹೊಸ ರಿಂಗ್, ಒಂದು ಫಿಲ್ಲರ್ ಗೇಜ್ ಇದ್ದರೆ ಟೇಪರ್ ಹೀಗೇ ತಿಳಿಯುತ್ತದೆ. ಇನ್ನು ಬಿಸಿ: 68 ಮಿ.ಮೀ. ಬೋರಿನ ಸುತ್ತಳತೆ ಸುಮಾರು 214. ಬೀಡುಕಬ್ಬಿಣದ ರಿಂಗ್ ಗೋಡೆಗಿಂತ 100 ಡಿಗ್ರಿ ಹೆಚ್ಚು ಬಿಸಿಯಾದರೆ ಉದ್ದ ಸುಮಾರು 0.24 ಹಿಗ್ಗುತ್ತದೆ. 0.10 ಗ್ಯಾಪ್ ಮುಚ್ಚಲು 43 ಡಿಗ್ರಿ ವ್ಯತ್ಯಾಸ ಸಾಕು. ಮುಚ್ಚಿದ ಮೇಲೆ ರಿಂಗಿಗೆ ಹಿಗ್ಗಲು ಜಾಗವಿಲ್ಲ, ಗೋಡೆಯನ್ನೇ ಕೆರೆಯುತ್ತದೆ.

ಟರ್ಬೊ ಇಲ್ಲದ ಹಳೆ ಪೆಟ್ರೋಲ್ ಎಂಜಿನ್ನಿಗೆ ಟಾಪ್ ರಿಂಗಿನ ಗ್ಯಾಪ್ ಒಂದು ಇಂಚು ಬೋರಿಗೆ 4 ಥೌ ಲೆಕ್ಕ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು). 68 ಮಿ.ಮೀ.ಗೆ ಸುಮಾರು 0.27. ಎರಡನೇ ರಿಂಗಿಗೆ ನಾನು 0.30ರಿಂದ 0.35 ಬಿಡುತ್ತೇನೆ, ಎರಡರ ಮಧ್ಯೆ ಗ್ಯಾಸ್ ಸಿಕ್ಕಿಕೊಂಡರೆ ಟಾಪ್ ರಿಂಗ್ ಎದ್ದು ಕುಣಿಯುತ್ತದೆ. 0.1 ಜಾಸ್ತಿ ಆದರೆ ಒಂಚೂರು ಕಂಪ್ರೆಷನ್ ಹೋಗಬಹುದು, ಗಾಡಿ ಓಡುತ್ತದೆ. 0.1 ಕಡಿಮೆ ಆದರೆ ಬೋರೇ ಹೋಗುತ್ತದೆ. ಅಳೆಯುವಾಗ ರಿಂಗ್ ಓರೆಯಾಗಿ ಕೂರಬಾರದು. ರಿಂಗ್ ಇಲ್ಲದ ಪಿಸ್ಟನ್ನನ್ನು ತಲೆಕೆಳಗು ಮಾಡಿ, ಕನೆಕ್ಟಿಂಗ್ ರಾಡ್ ಹಿಡಿದು ನೇರವಾಗಿ ತಳ್ಳಿ. ಓರೆಯಾದರೆ ಅಳತೆ ಸುಳ್ಳು ಹೇಳುತ್ತದೆ.

ಕಡಿಮೆ ಇದ್ದರೆ ನಯವಾದ ಅರವನ್ನು ವೈಸಿಗೆ ಕಚ್ಚಿಸಿ, ರಿಂಗಿನ ಒಂದೇ ತುದಿಯನ್ನು ಹೊರಮೈಯಿಂದ ಒಳಕ್ಕೆ ಎಳೆಯಿರಿ. ಒಳಗಿನಿಂದ ಹೊರಕ್ಕೆ ಉಜ್ಜಿದರೆ ಕ್ರೋಮ್ ಪದರ ಚಕ್ಕೆ ಏಳುತ್ತದೆ. ಮೂರ್ನಾಲ್ಕು ಎಳೆತಕ್ಕೆ ಒಮ್ಮೆ ಬೋರಿಗೆ ಹಾಕಿ ನೋಡಿ. ಅಂಚಿನಲ್ಲಿ ಎದ್ದ ಚೂಪು ಬರ್ ಆಯಿಲ್ ಸ್ಟೋನಿನಲ್ಲಿ ತೆಗೆಯಿರಿ, ಮೂಲೆ ಗುಂಡಗೆ ಮಾಡಬೇಡಿ. ಮೂರು ತುಂಡಿನ ಆಯಿಲ್ ರಿಂಗಿಗೆ ಅರ ಮುಟ್ಟಿಸುವುದು ಬೇಡ, ಗ್ಯಾಪ್ ಅಳೆದರೆ ಸಾಕು. ಪ್ರತಿ ರಿಂಗನ್ನೂ ಅದು ಹೋಗುವ ಸಿಲಿಂಡರಿನಲ್ಲೇ ಅಳೆದು, ನಂಬರ್ ಬರೆದ ಕವರಿನಲ್ಲಿ ಇಡಿ.

"ಸೆಟ್ ರೆಡಿ ಸೈಜು, ಸುಮ್ನೆ ಹಾಕು, ಬೋರಿಂಗ್ ಖರ್ಚು ಬೇಡ" ಅಂದಿದ್ದು ನಮ್ಮ ಗ್ಯಾರೇಜಿನ ಯಜಮಾನರು. ಬೋರಿಂಗ್ ಅಂದರೆ ಸವೆದ ಬೋರನ್ನು ಕೊರೆದು ಸಮ ಮಾಡುವುದು. ಕಂಪನಿ ಗ್ಯಾಪ್ ಬಿಡುವುದು ಸರಿಯಾದ ಬೋರಿನ ಅಳತೆಗೆ, ಸವೆದ ಬೋರಿನಲ್ಲಿ ಆ ಲೆಕ್ಕ ನಿಲ್ಲುವುದಿಲ್ಲ. ಇದನ್ನು ಅವರಿಗೆ ಆಗಲೇ ಗಟ್ಟಿಯಾಗಿ ಹೇಳಬೇಕಿತ್ತು. ಫಿಲ್ಲರ್ ಗೇಜಿನಲ್ಲಿ 0.25ರ ಬ್ಲೇಡು ಮುರಿದು ಆರು ತಿಂಗಳು, ಕೇಳಿ ಕೇಳಿ ಸಾಕಾಗಿದೆ. 0.20 ಮತ್ತು 0.05 ಜೋಡಿಸಿ ಅಳೆಯುತ್ತಿದ್ದೇವೆ. ಮಧ್ಯೆ ಎಣ್ಣೆ ನಿಂತರೆ ಅದೂ ದಪ್ಪ ತೋರಿಸುತ್ತದೆ.

ಕೊನೆಗೆ ನಾಲ್ಕೂ ಸಿಲಿಂಡರ್ ಬೋರಿಂಗ್, ಹೋನಿಂಗ್ (ಕೊರೆದ ಗೋಡೆಯನ್ನು ಕಲ್ಲಿನಿಂದ ಉಜ್ಜಿ ಹದ ಮಾಡುವುದು), ಓವರ್‌ಸೈಜ್ ಪಿಸ್ಟನ್. ಖರ್ಚು ಮೂರು ಪಟ್ಟು, ಗಾಡಿಯವರಿಗೆ ಒಂಬತ್ತು ದಿನ ಕಾಯುವ ಶಿಕ್ಷೆ. ಹೋನಿಂಗ್ ಆಗಿ ಬ್ಲಾಕ್ ಬಂದ ದಿನ ಮೂರನೇ ಬೋರಿನಲ್ಲಿ ಟಾಪ್ ರಿಂಗ್ ಮೇಲೆ 0.28, ನಡುವೆ 0.28, ಕೆಳಗೆ 0.27. ಈ ಸಲ ಟ್ರಯಲ್ ದೇವರಾಯನದುರ್ಗದ ಏರಿಗೆ. ಮೇಲೆ ನಿಲ್ಲಿಸಿ, ಹತ್ತು ನಿಮಿಷ ಕಾದು, ಗಾಡಿಯವರ ಕೈಗೇ ಕೀ ಕೊಟ್ಟೆ. ಅರ್ಧ ಸುತ್ತಿಗೇ ಹೊಡೆಯಿತು.